ಶೆಡ್ಡಿನ ನೆಲದ ಋಣ

ನಮ್ಮ ಚಿಕ್ಕಪ್ಪ ಹೊಳೆನರಸೀಪುರದಲ್ಲಿ ಒಂದು ಸೈಟು ನೋಡಿಕೊಂಡು ಬಂದರು. ಹಿಂದೆ ಖಾಸಗಿ ಬಸ್ಸುಗಳ ಶೆಡ್ಡು ಇದ್ದ ಜಾಗ. "ಅಗ್ಗಕ್ಕೆ ಸಿಗ್ತದೆ ಕಣಯ್ಯ, ಕಾಗದಪತ್ರ ಎಲ್ಲ ಸರಿಯಾಗಿದೆ" ಎಂದರು. ನನಗೆ ಮಾತ್ರ ಅಲ್ಲಿಯ ಮಣ್ಣು ನೆನಪಾಯಿತು. ಚಿಕ್ಕಂದಿನಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತ ಆ ಶೆಡ್ಡಿನ ಮುಂದೆ ನಿಲ್ಲುತ್ತಿದ್ದೆವು. ಸುತ್ತಲಿನ ನೆಲವೆಲ್ಲ ಕೆಂಪಗಿದ್ದರೆ ಅದೊಂದು ತುಂಡು ಮಸಿಯಂತೆ ಕಪ್ಪಗಿತ್ತು. ಹಿತ್ತಲ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತಿತ್ತು. ನಮಗದು ಚೆಂದವಾಗಿಯೇ ಕಂಡಿತ್ತು.

ನಮ್ಮಲ್ಲಿ ಬಸ್ಸಿನ ಚರಿತ್ರೆಗೆ ದಾಖಲೆಗಳಿವೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಹಾಸನದಲ್ಲಿ ಪ್ರಾದೇಶಿಕ ಕಾರ್ಯಾಗಾರ ತಲೆಯೆತ್ತಿತು. ಆದರೆ ಊರೂರಿನ ಶೆಡ್ಡುಗಳಲ್ಲಿ ನೆಲ ಕುಡಿದದ್ದನ್ನು ಯಾರೂ ಬರೆದಿಡಲಿಲ್ಲ. ಸೋರಿದ ಡೀಸೆಲ್, ಬದಲಿಸಿ ಚೆಲ್ಲಿದ ಎಂಜಿನ್ ಆಯಿಲ್, ಹಳೆ ಬ್ಯಾಟರಿಯ ಆಮ್ಲ ಮತ್ತು ಸೀಸ. ಎಣ್ಣೆ ಮಣ್ಣಿನಲ್ಲಿ ಇಳಿದು, ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ಪದರಾಗಿ ನಿಲ್ಲುತ್ತದೆ. ಸೀಸ ಮೇಲ್ಮಣ್ಣಿಗೆ ಅಂಟಿ ತಲೆಮಾರುಗಳವರೆಗೆ ಉಳಿಯುತ್ತದೆ. ಮಣ್ಣಲ್ಲಿ ಆಡುವ ಮಕ್ಕಳ ಬಾಯಿಗೆ ಸೇರಿದರೆ ಮಿದುಳಿಗೇ ಕೆಡುಕು.

ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ನಮ್ಮ ಕಾನೂನು ಎಣಿಸಿದ್ದು 1989ರಲ್ಲಿ. ಆಗಲೇ ಕೆಟ್ಟ ನೆಲವನ್ನು ಗುರುತಿಸುವುದು, ಪರೀಕ್ಷಿಸುವುದು, ಶುದ್ಧಿಯ ಖರ್ಚನ್ನು ಕೆಡಿಸಿದವರಿಂದಲೇ ವಸೂಲು ಮಾಡುವುದು, ಇದಕ್ಕೆಂದೇ ಕೇಂದ್ರ ಸರ್ಕಾರದ ನಿಯಮಗಳು ಬಂದದ್ದು 2025ರಲ್ಲಿ. ಈ ನಡುವೆ ಊರುಗಳು ಬೆಳೆದು, ಅಂಚಿನಲ್ಲಿದ್ದ ಶೆಡ್ಡುಗಳು ನಡುಪೇಟೆಗೆ ಬಂದುಬಿಟ್ಟವು. ಬೆಂಗಳೂರಿನ ಶಾಂತಿನಗರದಲ್ಲಿ ಡಿಪೋ ಜಾಗದ ಮೇಲೆ ಬಹುಮಹಡಿ ಕಟ್ಟಡವೇ ಎದ್ದಿದೆ. ಹಾಗೆ ಕಟ್ಟುವುದು ತಪ್ಪಲ್ಲ. ಊರ ನಡುವಿನ ನೆಲ ಪಾಳು ಬೀಳಬಾರದು. ಆದರೆ ಅಡಿಪಾಯಕ್ಕೆ ಮುಂಚೆ ಮಣ್ಣನ್ನು ಕೇಳಬೇಕು. ಡೀಸೆಲ್ ಹಿಡಿದ ಮಣ್ಣಿಗೆ ಗಾಳಿ, ತೇವ, ಗೊಬ್ಬರ ಕೊಟ್ಟರೆ ಸೂಕ್ಷ್ಮಜೀವಿಗಳೇ ನಿಧಾನವಾಗಿ ತಿಂದು ತೀರಿಸುತ್ತವೆ. ಸೀಸವನ್ನು ಅವು ತಿನ್ನಲಾರವು. ಅಂಥ ಮಣ್ಣನ್ನು ತೆಗೆದು ಸಾಗಿಸಬೇಕು, ಇಲ್ಲವೇ ಭದ್ರವಾಗಿ ಮುಚ್ಚಬೇಕು.

ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪನಿಗೆ ಸಿಟ್ಟೇ ಬಂತು. "ಹದಿಮೂರು ವರ್ಷದ ಋಣಭಾರ ಪತ್ರ ತೆಗೆಸಿದ್ದೀನಿ, ಒಂದು ರೂಪಾಯಿ ಸಾಲ ಇಲ್ಲ" ಎಂದರು.

"ಅದರಲ್ಲಿ ಬ್ಯಾಂಕಿನ ಸಾಲ ಬರ್ತದೆ ಚಿಕ್ಕಪ್ಪ, ಮಣ್ಣಿನ ಸಾಲ ಬರಲ್ಲ. ಪರೀಕ್ಷೆ ಮಾಡಿಸಿ ಆಮೇಲೆ ಮುಂಗಡ ಕೊಡಿ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮನೆಯಲ್ಲಿ ಆಡಬೇಕಾದವರು ಅವರ ಮೊಮ್ಮಕ್ಕಳು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಎದ್ದರು.

"ಆ ಬಾವಿ ಮುಚ್ಚಿಬಿಟ್ಟವ್ರೆ. ಎಲ್ಲಿತ್ತು ಅಂತ ತೋರಿಸು ಬಾ."