ತಾಲೂಕು ಒಡೆದಾಗ ಜಾಲವಿಳಾಸ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನು ಕುರಿತು

ಒಳ್ಳೆಯ ಜಾಲವಿಳಾಸ ಬದಲಾಗಬಾರದೆಂದು ಟಿಮ್ ಬರ್ನರ್ಸ್-ಲೀ 1998ರಲ್ಲಿ ವಾದಿಸಿದರು. ಸ್ಥಳನಾಮವನ್ನೇ ನೆಚ್ಚಿದ ದಾಖಲೆಗಳಿಗೆ ಈ ಮಾತು ಪೂರ್ತಿ ಒಗ್ಗದು. 1884ರ ಬಾಂಬೆ ಗ್ಯಾಸೆಟಿಯರಿನಲ್ಲಿ ಬೈಲಹೊಂಗಲ ಸಂಪಗಾಂವ ತಾಲೂಕಿಗೂ ಸವದತ್ತಿ ಪರಸಗಡ ತಾಲೂಕಿಗೂ ಸೇರಿದ್ದವು. ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಗಾಂ’ ಹೋಗಿ ‘ಬೆಳಗಾವಿ’ ಬಂತು. ಈಚಿನ ವರ್ಷಗಳಲ್ಲಿ ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಬೇರೆ ತಾಲೂಕುಗಳಾದವು. ಹಳೆಯ ವಿಳಾಸ ಹಿಡಿದು ಬಂದ ಓದುಗನನ್ನು ಹೊಸ ಪುಟಕ್ಕೆ ಮುಟ್ಟಿಸುವ ಹೊಣೆ ಸರ್ವರ್‌ನದು.

ಹೆಸರು ಮಾತ್ರ ಬದಲಾದರೆ ಕೆಲಸ ಹಗುರ. ಅಪಾಚೆಯ ‘ರಿಡೈರೆಕ್ಟ್’ ನಿರ್ದೇಶನದಲ್ಲಿ ಹಳೆಯ ಹಾದಿ, ಹೊಸ ಹಾದಿ ಕೊಟ್ಟರೆ ಸಾಕು. ಮುಂದಿನ ಭಾಗವನ್ನು ಅದೇ ಜೋಡಿಸಿಕೊಳ್ಳುತ್ತದೆ. ಆದರೆ ಸ್ಥಿತಿಸಂಖ್ಯೆ ಬರೆಯದಿದ್ದರೆ 302, ಅಂದರೆ ತಾತ್ಕಾಲಿಕ ಎಂದೇ ಲೆಕ್ಕ. ಕಾಯಂ ಆದ ಹೆಸರಿಗೆ 301 ಎಂದು ಬರೆಯಲೇಬೇಕು. ಅರ್ಜಿ ಸ್ವೀಕರಿಸುವ ಪುಟವಾದರೆ 308 ಮೇಲು. 301ರಲ್ಲಿ ತುಂಬಿದ ಮಾಹಿತಿ ದಾರಿಯಲ್ಲೇ ಕಳೆದುಹೋಗಬಹುದು.

ಕನ್ನಡ ಲಿಪಿಯ ವಿಳಾಸದಲ್ಲಿ ಬೇರೊಂದು ತೊಡಕಿದೆ. ಅದು ಕಾಡುವುದು ಈ ನಾಲ್ಕು ಹೆಸರುಗಳ ಪೈಕಿ ‘ಬೈಲಹೊಂಗಲ’ಕ್ಕೆ ಮಾತ್ರ. ಯೂನಿಕೋಡ್‌ನಲ್ಲಿ ಐತ್ವ ಮತ್ತು ಒತ್ವದ ಚಿಹ್ನೆಗಳನ್ನು ಒಂದೊಂದೇ ಸಂಕೇತವಾಗಿಯೂ ಬರೆಯಬಹುದು, ಎರಡೆರಡಾಗಿ ಬಿಡಿಸಿಯೂ ಬರೆಯಬಹುದು. ಹಾಗಾಗಿ ಈ ಹೆಸರು 8 ಸಂಕೇತಗಳಲ್ಲೂ ಬರುತ್ತದೆ, 10ರಲ್ಲೂ ಬರುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್. ಶೇಕಡಾ ಚಿಹ್ನೆಯ ರೂಪಕ್ಕಿಳಿಸಿದರೆ ಒಂದು 72 ಅಕ್ಷರಗಳ ಸಾಲು, ಇನ್ನೊಂದು 90ರದು. ಕಣ್ಣಿಗೆ ಎರಡೂ ಒಂದೇ. ಸರ್ವರ್ ಹೋಲಿಸುವುದು ಬೈಟ್‌ಗಳನ್ನು, ಆದ್ದರಿಂದ ಒಂದಕ್ಕೆ ಬರೆದ ನಿಯಮ ಇನ್ನೊಂದಕ್ಕೆ ತಾಗದೆ 404 ಬರುತ್ತದೆ. ಬಿಡಿಸಿದ ರೂಪದಲ್ಲೇ ಕಡತದ ಹೆಸರನ್ನು ಇಡುತ್ತಿದ್ದ ಹಳೆಯ ಮ್ಯಾಕ್ ಡಿಸ್ಕುಗಳಿಂದ ನಕಲಾದ ಸಂಗ್ರಹಗಳಲ್ಲಿ ಇದನ್ನು ಮೊದಲೇ ಪರೀಕ್ಷಿಸಬೇಕು. ಎರಡೂ ರೂಪಕ್ಕೆ ನಿಯಮ ಬರೆಯುವುದು ಕ್ಷೇಮ.

ತಾಲೂಕು ಒಡೆದಾಗ ಒಂದೇ ಸಾಲಿನ ನಿಯಮ ಸೋಲುತ್ತದೆ. ಬೈಲಹೊಂಗಲದ ಅಡಿಯಲ್ಲಿದ್ದ ಎಂ.ಕೆ. ಹುಬ್ಬಳ್ಳಿ ಕಿತ್ತೂರಿಗೆ ಹೋಯಿತು, ನೇಸರಗಿ ಅಲ್ಲೇ ಉಳಿಯಿತು. ವಿಳಾಸದ ಆಕಾರ ನೋಡಿ ಇದನ್ನು ಊಹಿಸಲಾಗದು. ಗ್ರಾಮವಾರು ಪಟ್ಟಿಯೇ ಬೇಕು. ಎಂಜಿನ್‌ಎಕ್ಸ್‌ನಲ್ಲಿ ‘ಮ್ಯಾಪ್’, ಅಪಾಚೆಯಲ್ಲಿ ‘ರಿರೈಟ್‌ಮ್ಯಾಪ್’ ಇರುವುದು ಇದಕ್ಕೇ. ಎರಡನೆಯದನ್ನು ಮುಖ್ಯ ಸಂರಚನೆಯಲ್ಲೋ ವರ್ಚುವಲ್ ಹೋಸ್ಟ್‌ನಲ್ಲೋ ಘೋಷಿಸಬೇಕು, ಡೈರೆಕ್ಟರಿ ಮಟ್ಟದ ಎಚ್‌ಟಿಆಕ್ಸೆಸ್ ಕಡತದಲ್ಲಿ ಅದು ನಡೆಯದು. ಬಾಡಿಗೆ ಹೋಸ್ಟಿಂಗ್‌ನಲ್ಲಿ ಆ ಕಡತವೊಂದೇ ಕೈಗೆ ಸಿಗುವವರು ಪ್ರತಿ ಗ್ರಾಮಕ್ಕೂ ಸಾಲು ಬರೆಯಬೇಕಾಗುತ್ತದೆ. ಆಗ ಗ್ರಾಮಗಳ ಸಾಲುಗಳು ಮೇಲೆ, ತಾಲೂಕಿನ ಸಾಮಾನ್ಯ ನಿಯಮ ಕೆಳಗೆ ಇರಲಿ; ಮೊದಲು ಹೊಂದಿದ ನಿಯಮವೇ ಜಾರಿಯಾಗುತ್ತದೆ. ‘ಬೆಲ್ಗಾಂ’ ಕಾಲದ ವಿಳಾಸಕ್ಕೂ ಕೊನೆಯ ಗುರಿಯನ್ನೇ ನೇರವಾಗಿ ಬರೆಯಬೇಕು, ಇಲ್ಲವಾದರೆ ಎಂ.ಕೆ. ಹುಬ್ಬಳ್ಳಿಯ ಪುಟ ಬೆಳಗಾವಿಗೆ ಒಮ್ಮೆ, ಕಿತ್ತೂರಿಗೆ ಇನ್ನೊಮ್ಮೆ ಹಾಯಬೇಕಾಗುತ್ತದೆ.