ಅಪಧಮನಿಯ ಕಸಿ ಸೋಲುವುದೇಕೆ?

ಬೈಪಾಸ್ ಶಸ್ತ್ರಚಿಕಿತ್ಸೆಯ ಗುರುತನ್ನು ಎದೆಯ ಮೇಲೆ ಹೊತ್ತ ಹಿರಿಯರು ಬೊರಿವಲಿಯ ಕನ್ನಡಿಗರ ಮನೆಗಳಲ್ಲಿಯೂ ಈಗ ಅಪರೂಪವಲ್ಲ. ಹೊಸದಾಗಿ ಜೋಡಿಸಿದ ನಾಳವೂ ಮುಚ್ಚಿಹೋಗುವುದುಂಟೆ ಎಂದು ಅವರು ಕೇಳಿದಾಗ, ವಿಧಿಯತ್ತ ಬೆರಳು ತೋರಿದರೆ ಸಾಲದು. 1990ರಲ್ಲಿ ಬೈಪಾಸ್ ಆಗಿದ್ದ ಪ್ರಧಾನಿ ಮನಮೋಹನ ಸಿಂಗರಿಗೆ 2009ರ ಜನವರಿಯಲ್ಲಿ ದೆಹಲಿಯಲ್ಲಿ ಅದು ಮತ್ತೊಮ್ಮೆ ಬೇಕಾಯಿತು. ಅದನ್ನು ನಡೆಸಿಕೊಟ್ಟವರು ನಮ್ಮ ಮುಂಬಯಿಯ ವೈದ್ಯ ರಮಾಕಾಂತ ಪಂಡಾ ಎಂಬುದು ವಾಚಕರಿಗೆ ನೆನಪಿರಬಹುದು.

ಎದೆಗೋಡೆಯ ಒಳಗಿನ ಅಪಧಮನಿಯನ್ನು ಹೃದಯದ ನಾಳಕ್ಕೆ ಹೊಲಿದು ಜೋಡಿಸುವ ಸಾಹಸವನ್ನು ಲೆನಿನ್‌ಗ್ರಾಡಿನ ಕೊಲೆಸೊವ್ 1964ರಲ್ಲಿಯೇ ಕೈಗೊಂಡಿದ್ದನು. ಆದರೆ 1967ರಲ್ಲಿ ಕ್ಲೀವ್‌ಲೆಂಡಿನ ಫಾವಲೊರೊ ಕಾಲಿನ ಅಭಿಧಮನಿಯನ್ನು ಬಳಸಿದ ಮೇಲೆ ಸುಲಭವಾದ ಆ ಮಾರ್ಗವೇ ಲೋಕಮಾನ್ಯವಾಯಿತು. ಅಭಿಧಮನಿಯಾದರೋ ಮಂದ ಒತ್ತಡಕ್ಕೆ ಒಗ್ಗಿದ ನಾಳ. ಹೃದಯದ ಬಳಿಯ ರಭಸಕ್ಕೆ ಅದರ ಭಿತ್ತಿ ದಪ್ಪವಾಗಿ, ಕೊಬ್ಬು ಸೇರಿ, ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಸಿಗಳು ಕೆಡುತ್ತವೆ. ಎದೆಯ ಅಪಧಮನಿಗಳಾದರೆ ಹತ್ತರಲ್ಲಿ ಸುಮಾರು ಒಂಬತ್ತು ತೆರೆದೇ ಇರುತ್ತವೆ.

ಹಾಗೆಂದು ಅಪಧಮನಿಗಳೆಲ್ಲವೂ ಒಂದೇ ಬಗೆಯವಲ್ಲ. ಮುಂಗೈಯ ಅಪಧಮನಿಯನ್ನು ಪ್ಯಾರಿಸ್ಸಿನ ಕಾರ್ಪೆಂಟಿಯೆ 1971ರಲ್ಲಿ ಬಳಸತೊಡಗಿದನು; ಹಲವು ಕಸಿಗಳು ಬೇಗನೆ ಮುಚ್ಚಿದುದರಿಂದ ಅವನೇ ಅದನ್ನು ಕೈಬಿಟ್ಟನು. ಈ ನಾಳದ ಭಿತ್ತಿ ಸ್ನಾಯುಮಯ. ತೆಗೆಯುವಾಗಿನ ಒರಟು ಸ್ಪರ್ಶಕ್ಕೆ ಸೆಟೆದು ಸಂಕುಚಿತವಾಗುತ್ತದೆ. ವಿಚಿತ್ರವೆಂದರೆ, ಮುಚ್ಚಿಹೋಗಿದೆಯೆಂದು ಭಾವಿಸಿದ್ದ ಕೆಲವು ಕಸಿಗಳು ಹತ್ತು ವರ್ಷಗಳಿಗೂ ಮೀರಿದ ಮೇಲೆ ತೆರೆದಿರುವುದು ಕಂಡುಬಂದಿತು! ಇದರಿಂದ ಧೈರ್ಯಗೊಂಡ ಅಕಾರ್ ಮತ್ತು ಸಂಗಡಿಗರು, ನಾಳವನ್ನು ಸುತ್ತಲಿನ ಅಂಗಾಂಶದೊಡನೆ ಮೃದುವಾಗಿ ಬಿಡಿಸಿ, ಸೆಟೆತವನ್ನು ತಡೆಯುವ ಔಷಧಗಳನ್ನು ಕೊಟ್ಟು, ಅದನ್ನು ಮತ್ತೆ ಬಳಕೆಗೆ ತಂದರು. 2018ರಲ್ಲಿ ಆರು ಪ್ರಯೋಗಗಳ 1036 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮುಂಗೈಯ ನಾಳ ಕಾಲಿನ ಅಭಿಧಮನಿಗಿಂತ ಮೇಲೆಂದು ಸಿದ್ಧವಾಯಿತು.

ಮೊದಲ ದಿನಗಳ ಸೋಲಿಗೆ ಹೊಲಿಗೆಯ ದೋಷವೋ ನಾಳದ ತಿರುಚುವಿಕೆಯೋ ಕಾರಣವಾಗುತ್ತದೆ. ತರುವಾಯದ ಸೋಲಿಗೆ ಹೆಚ್ಚಾಗಿ ಕಾರಣ ಬೇರೆ. ಹಳೆಯ ನಾಳದಲ್ಲಿ ಇನ್ನೂ ಸಾಕಷ್ಟು ರಕ್ತ ಹರಿಯುತ್ತಿದ್ದರೆ ಹೊಸದಕ್ಕೆ ಕೆಲಸವಿಲ್ಲ. ಬೊರಿವಲಿಯಿಂದ ಅಂಧೇರಿಗೆ ವೇಗದ ಗಾಡಿ ಎದುರಿಗೇ ನಿಂತಿರುವಾಗ ನಿಧಾನದ ಗಾಡಿಯನ್ನು ಹತ್ತುವವರು ಎಷ್ಟು ಮಂದಿ? ಅಪಧಮನಿಯು ಸಜೀವವಾದ ನಾಳ; ಹರಿವು ಕುಂದಿದಂತೆ ತಾನೂ ಕಿರಿದಾಗಿ ಕೊನೆಗೆ ದಾರದೆಳೆಯಷ್ಟಾಗುತ್ತದೆ. ಹಳೆಯ ನಾಳ ಮುಂದೆ ಮುಚ್ಚಿದಲ್ಲಿ ಈ ಎಳೆ ಪುನಃ ಅರಳುವುದೂ ಉಂಟು. ಆದ್ದರಿಂದಲೇ ಹಳೆಯ ನಾಳವು ಶೇಕಡಾ 70ರಷ್ಟಾದರೂ ಕಟ್ಟಿಕೊಂಡಿರದಿದ್ದರೆ ಮುಂಗೈಯ ನಾಳವನ್ನು ಅಲ್ಲಿಗೆ ಜೋಡಿಸಲು ಶಸ್ತ್ರವೈದ್ಯರು ಹಿಂಜರಿಯುತ್ತಾರೆ.