ಕಲ್ಲಚ್ಚಿನ ಪಾಠ

2020ರ ಲಾಕ್‌ಡೌನ್ ಕಾಲದಲ್ಲಿ ದೇಗುಲ, ಚರ್ಚು, ಮಸೀದಿಗಳ ಬಾಗಿಲು ಮುಚ್ಚಿದಾಗ ಪೂಜೆ, ಪ್ರವಚನಗಳು ಮೊಬೈಲಿನ ಪರದೆಗೆ ಬಂದವು. ಊರಿನಿಂದ ದೂರವಿರುವ ನಾವೂ ಅವನ್ನು ಪರದೆಯಲ್ಲಿಯೇ ಕಂಡೆವು. ಧರ್ಮಬೋಧೆಗೆ ಸಿದ್ಧರಾಗುವವರಿಗೆ ಡಿಜಿಟಲ್ ತಿಳಿವಳಿಕೆಯೂ ಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಆದರೆ ಆ ತಿಳಿವಳಿಕೆ ಎಂಥದು?

ಕನ್ನಡ ನಾಡು ಇಂಥ ಪ್ರಶ್ನೆಯನ್ನು ಹಿಂದೊಮ್ಮೆ ಎದುರಿಸಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಬೋಧೆಯನ್ನು ಬೇಗ ಹರಡಲು ಅದು ಹೊಸ ಸಾಧನ. ಅಲ್ಲಿದ್ದ ಮಿಶನರಿ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಮುಂದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೂ ಅಚ್ಚಿಗೆ ತಂದರು. ಮತಪ್ರಚಾರದ ಗುರಿಯನ್ನು ಅವರು ಬಿಟ್ಟಿರಲಿಲ್ಲ. ಆದರೂ ಈ ಜನರಿಗೆ ಹೇಳಬೇಕಾದರೆ ಮೊದಲು ಈ ಜನರನ್ನು ಓದಬೇಕೆಂಬುದನ್ನು ಅವರು ಕಂಡುಕೊಂಡರು.

ಇಂದಿನ ಬೋಧಕನಿಗೆ ನೇರಪ್ರಸಾರದ ವಿಧಾನವನ್ನು ಒಂದು ದಿನದಲ್ಲಿ ಕಲಿಸಬಹುದು. ಬಂದ ಸುದ್ದಿಯ ನಿಜವನ್ನು ಪರೀಕ್ಷಿಸಿ ಮುಂದೆ ಕಳುಹಿಸುವುದನ್ನು, ಪರದೆಯ ಆಚೆ ಒಂಟಿಯಾಗಿ ಕುಳಿತವರ ಸಂಕಟಕ್ಕೆ ಕಿವಿಗೊಡುವುದನ್ನು ಕಲಿಸಲು ವರ್ಷಗಳೇ ಬೇಕು. ಆ ವರ್ಷಗಳನ್ನು ಪಾಠಕ್ರಮದಲ್ಲಿ ಉಳಿಸಿಕೊಳ್ಳಬೇಕೆಂಬುದೇ ನಮ್ಮ ಆಶಯ.